ಪ್ರಚಾರತಂತ್ರಗಳ ಪಟ್ಟಿ ಕಲಿತ ಮಕ್ಕಳಿಗೆ ಎದುರು ಪಕ್ಷದ ಮಾತಿನಲ್ಲಿ ಮಾತ್ರ ತಂತ್ರ ಕಾಣುತ್ತಿದೆ. ಕಲಿಸುವ ಕ್ರಮದಲ್ಲಿ ತಪ್ಪೆಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಜಾಹೀರಾತುಗಳಲ್ಲೂ ರಾಜಕೀಯ ಭಾಷಣಗಳಲ್ಲೂ ಬಳಕೆಯಾಗುವ ಪ್ರಚಾರತಂತ್ರಗಳನ್ನು ಗುರುತಿಸಲು ಕಲಿಸಬೇಕೆಂದು ಈ ವರ್ಷ ಆರು ಪೀರಿಯಡ್‌ಗಳನ್ನು ಮೀಸಲಿಟ್ಟಿದ್ದೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಪ್ರಚಾರ ವಿಶ್ಲೇಷಣಾ ಸಂಸ್ಥೆಯು ಹೆಸರಿಸಿದ ಏಳು ತಂತ್ರಗಳ ಹಳೆಯ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಂಡೆ, ಏಕೆಂದರೆ ಅದಕ್ಕಿಂತ ಸರಳವಾದದ್ದು ನನಗೆ ಸಿಕ್ಕಿಲ್ಲ. ಎದುರಾಳಿಗೆ ಕೆಟ್ಟ ಹೆಸರಿಟ್ಟು ಅಲ್ಲಿಗೇ ವಿಚಾರ ಮುಗಿಸುವುದು. ಯಾರೂ ಬೇಡವೆನ್ನಲಾಗದ, ಆದರೆ ಯಾರೂ ಅರ್ಥ ಬಿಡಿಸಿ ಹೇಳದ ಹೊಳಪಿನ ಪದಗಳನ್ನು ಬಳಸುವುದು. ಧ್ವಜ, ದೇವರು, ವಿಜ್ಞಾನಿಯ ಬಿಳಿ ಕೋಟು ಇವುಗಳ ಮೇಲೆ ಜನರಿಗಿರುವ ಗೌರವವನ್ನು ಒಂದು ಸರಕಿನ ಅಥವಾ ಅಭ್ಯರ್ಥಿಯ ಮೇಲೆ ವರ್ಗಾಯಿಸುವುದು. ಹೆಸರಾಂತರಿಂದ ಸಾಕ್ಷಿ ಹೇಳಿಸುವುದು. ‘ನಾನೂ ನಿಮ್ಮವನೇ’ ಎಂದು ತೋರಿಸಿಕೊಳ್ಳುವುದು. ತನಗೆ ಅನುಕೂಲವಾದ ಸಂಗತಿಗಳನ್ನಷ್ಟೇ ಜೋಡಿಸಿಡುವುದು. ‘ಎಲ್ಲರೂ ಬಂದಾಯಿತು, ನೀವೊಬ್ಬರೇ ಉಳಿದಿರಿ’ ಎಂದು ಅವಸರಪಡಿಸುವುದು. ಮಕ್ಕಳು ಇವನ್ನು ಎರಡೇ ದಿನಗಳಲ್ಲಿ ಕಲಿತರು. ಸಾಬೂನಿನ ಜಾಹೀರಾತು, ಮೊಬೈಲ್ ಜಾಹೀರಾತು, ಯಾವುದನ್ನು ಕೊಟ್ಟರೂ ತಂತ್ರದ ಹೆಸರು ಥಟ್ಟನೆ ಹೇಳುತ್ತಿದ್ದರು.

ತೊಂದರೆ ಕಾಣಿಸಿಕೊಂಡದ್ದು ನಾಲ್ಕನೆಯ ಪೀರಿಯಡ್‌ನಲ್ಲಿ. ತರಗತಿಯ ಚುರುಕು ಹುಡುಗನೊಬ್ಬ ತನಗೆ ಹಿಡಿಸದ ನಾಯಕರೊಬ್ಬರ ಭಾಷಣದ ಮುದ್ರಿತ ಪ್ರತಿಯನ್ನು ತಂದು, ಸಾಲು ಸಾಲಿನ ಕೆಳಗೂ ಕೆಂಪು ಗೆರೆ ಎಳೆದು, ಏಳರಲ್ಲಿ ಐದು ತಂತ್ರಗಳನ್ನು ಹುಡುಕಿ ತೋರಿಸಿದ. ಅವನ ಕೆಲಸ ಅಚ್ಚುಕಟ್ಟಾಗಿತ್ತು. ಮರುದಿನ, ಅವನು ಮೆಚ್ಚುವ ನಾಯಕರ ಭಾಷಣದ ಒಂದು ಭಾಗವನ್ನು ನಾನೇ ಓದಿದೆ. ಅದರಲ್ಲಿ, ತಾವು ಬಡತನದಲ್ಲಿ ಬೆಳೆದವರು, ಹಸಿವು ಎಂದರೇನೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬರ್ಥದ ಮಾತಿತ್ತು. ಇದು ಯಾವ ತಂತ್ರ ಎಂದು ಕೇಳಿದಾಗ ಅವನು ಎದ್ದು ನಿಂತು, ‘ಮೇಡಂ, ಇದು ತಂತ್ರವಲ್ಲ, ಇದು ನಿಜ’ ಎಂದ. ಅರ್ಧ ತರಗತಿ ಅವನ ಮಾತಿಗೆ ತಲೆಯಾಡಿಸಿತು. ಉಳಿದರ್ಧ ತರಗತಿಯವರು ನಕ್ಕರು, ಆದರೆ ಮುಂದಿನ ಪೀರಿಯಡ್‌ನಲ್ಲಿ ಅವರ ಮೆಚ್ಚಿನ ನಾಯಕರ ಮಾತು ಬಂದಾಗ ಅವರೂ ಅದೇ ಉತ್ತರ ಕೊಟ್ಟರು.

ಕಣ್ಣು ತೆರೆಸಲೆಂದು ನಾನು ಕೊಟ್ಟ ಪಟ್ಟಿ ಮಕ್ಕಳ ಕೈಯಲ್ಲಿ ಒಬ್ಬರನ್ನೊಬ್ಬರು ಹೊಡೆಯುವ ಕೋಲಾಗಿದೆ ಎಂಬುದು ನನ್ನನ್ನು ತುಂಬ ಕಾಡುತ್ತಿದೆ. ಪಟ್ಟಿಯಲ್ಲೇ ದೋಷವಿದೆಯೇ ಅಥವಾ ನಾನು ಕಲಿಸಿದ ಕ್ರಮದಲ್ಲಿ ಏನಾದರೂ ಬಿಟ್ಟುಹೋಗಿದೆಯೇ? ಆ ಹುಡುಗನಿಗೆ ನಾನು ಏನು ಉತ್ತರ ಹೇಳಬೇಕಿತ್ತು? ಈ ವಿಷಯದಲ್ಲಿ ಓದಿರುವವರು, ಕೆಲಸ ಮಾಡಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮೇಡಂ, ಆ ಹುಡುಗನಿಗೆ ‘ನಿನ್ನ ಮಾತು ಸರಿ, ಅದು ನಿಜವೇ’ ಎಂದು ಹೇಳಿ ಅಲ್ಲಿಂದಲೇ ಪಾಠ ಮುಂದುವರಿಸಬಹುದಿತ್ತು ಎಂದು ನನಗೆ ಅನಿಸುತ್ತದೆ. ಪ್ರಚಾರತಂತ್ರ ಎಂದರೆ ಸುಳ್ಳು ಎಂದು ಮಕ್ಕಳು ತಿಳಿದುಕೊಂಡಿದ್ದಾರೆ, ಮತ್ತು ಹಾಗೆ ತಿಳಿಯಲು ನಮ್ಮ ಭಾಷೆಯೂ ಸ್ವಲ್ಪ ಕಾರಣ. ಕನ್ನಡದಲ್ಲಿ ‘ಪ್ರಚಾರ’ ಎಂಬ ಪದಕ್ಕೆ ಯಾವ ಕಳಂಕವೂ ಇಲ್ಲ. ಪುಸ್ತಕಕ್ಕೂ ಪ್ರಚಾರ ಬೇಕು, ಚುನಾವಣೆಗೂ ಪ್ರಚಾರ ಬೇಕು. ‘ಅಪಪ್ರಚಾರ’ ಎಂದೊಡನೆ ಅದು ಸುಳ್ಳು, ಅದೂ ಮತ್ತೊಬ್ಬರು ಮಾಡುವ ಸುಳ್ಳು ಎಂಬ ಅರ್ಥ ಬಂದುಬಿಡುತ್ತದೆ. ಇವೆರಡರ ನಡುವೆ ಇರುವ ವಸ್ತುವಿಗೆ, ಅಂದರೆ ನಿಜವನ್ನೋ ಅರೆನಿಜವನ್ನೋ ಬಳಸಿಕೊಂಡು ಕೇಳುಗನು ಯೋಚಿಸುವ ಮೊದಲೇ ಅವನನ್ನು ತೀರ್ಮಾನಕ್ಕೆ ದಾಟಿಸುವ ಕೌಶಲಕ್ಕೆ, ನಮ್ಮಲ್ಲಿ ದಿನಬಳಕೆಯ ಒಂಟಿ ಪದವಿಲ್ಲ. ಪಾಶ್ಚಾತ್ಯ ಭಾಷೆಗಳ ‘ಪ್ರಾಪಗಾಂಡ’ ಎಂಬ ಪದವೂ ಮೊದಲು ಬೈಗುಳವಾಗಿರಲಿಲ್ಲ. ಅದು 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಕ್ರೈಸ್ತ ಮತಪ್ರಸಾರಕ್ಕಾಗಿ ಸ್ಥಾಪಿಸಿದ ಸಂಸ್ಥೆಯ ಹೆಸರಿನಿಂದ ಬಂದದ್ದು, ಮತ್ತು ಅದಕ್ಕೆ ಕೆಟ್ಟ ವಾಸನೆ ಗಟ್ಟಿಯಾಗಿ ಅಂಟಿಕೊಂಡದ್ದು ಮೊದಲ ಮಹಾಯುದ್ಧದ ನಂತರ.

ಹಾಗಾಗಿ ‘ಇದು ನಿಜವೇ?’ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿ: ‘ಇದು ನಿಜವಾದರೆ, ಇದರಿಂದ ಏನು ಸಿದ್ಧವಾಗುತ್ತದೆ?’ ನಾಯಕರು ಬಡತನದಲ್ಲಿ ಬೆಳೆದದ್ದು ನಿಜವಾಗಿರಬಹುದು. ಆದರೆ ಅವರು ಮುಂದಿನ ಸಾಲಿನಲ್ಲಿ ಪ್ರತಿಪಾದಿಸುವ ತೆರಿಗೆ ನೀತಿ ಸರಿಯೋ ತಪ್ಪೋ ಎಂಬುದನ್ನು ಆ ನಿಜ ಸಿದ್ಧಪಡಿಸುವುದಿಲ್ಲ. ತಂತ್ರ ಇರುವುದು ಆ ಎರಡು ಸಾಲುಗಳ ನಡುವಿನ ಜಾಗದಲ್ಲಿ. ಮೊದಲನೆಯದಕ್ಕೆ ತಲೆಯಾಡಿಸಿದ ಕೇಳುಗ ಅದೇ ಭರದಲ್ಲಿ ಎರಡನೆಯದಕ್ಕೂ ತಲೆಯಾಡಿಸುತ್ತಾನೆ. ಅದೇ ನಿಜವನ್ನು ಬೇರೊಂದು ಕಡೆ ಹೇಳಿದರೆ ಅದು ನ್ಯಾಯವಾದ ಸಾಕ್ಷ್ಯವೂ ಆಗಬಹುದು: ‘ಹಸಿವಿನ ಅನುಭವ ಇಲ್ಲದವರಿಗೆ ಈ ವಿಷಯ ಅರ್ಥವಾಗುವುದಿಲ್ಲ, ನಿಮಗೇನು ಗೊತ್ತು?’ ಎಂದು ಯಾರಾದರೂ ಅವರನ್ನೇ ಕೇಳಿದಾಗ ಅದು ನೇರ ಉತ್ತರ. ಒಂದು ವಾಕ್ಯವನ್ನು ಅದರ ಮುಂದಿನ ವಾಕ್ಯದಿಂದ ಕತ್ತರಿಸಿ ಇಟ್ಟರೆ ಅದು ತಂತ್ರವೋ ಅಲ್ಲವೋ ಎಂದು ಹೇಳಲಾಗುವುದಿಲ್ಲ. ಮಕ್ಕಳು ಕೆಂಪು ಗೆರೆ ಎಳೆಯುವಾಗ ವಾಕ್ಯದ ಕೆಳಗೆ ಎಳೆಯುವ ಬದಲು ವಾಕ್ಯದಿಂದ ವಾಕ್ಯಕ್ಕೆ ಬಾಣ ಎಳೆಯಲಿ.

ಒಂದೂ ಸುಳ್ಳು ಹೇಳದೆ, ಎದುರಾಳಿಯ ಹೆಸರನ್ನೂ ಎತ್ತದೆ, ಕೆಲಸ ಮುಗಿಸಿದ ಉದಾಹರಣೆ ಬೇಕಾದರೆ 1964ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ‘ಡೈಸಿ’ ಜಾಹೀರಾತನ್ನು ತೋರಿಸಿ. ಪುಟ್ಟ ಹುಡುಗಿಯೊಬ್ಬಳು ಹೂವಿನ ದಳಗಳನ್ನು ಕೀಳುತ್ತಾ, ಎಣಿಕೆಯಲ್ಲಿ ತಪ್ಪುತ್ತಾ ಒಂಬತ್ತರವರೆಗೆ ಬರುತ್ತಾಳೆ. ಆಗ ಗಂಡು ಧ್ವನಿಯೊಂದು ಹತ್ತರಿಂದ ಕೆಳಕ್ಕೆ ಎಣಿಸತೊಡಗುತ್ತದೆ, ಕ್ಯಾಮೆರಾ ಅವಳ ಕಣ್ಣಿನೊಳಕ್ಕೆ ಹೋಗುತ್ತದೆ, ಸೊನ್ನೆ ಬಂದಾಗ ಪರಮಾಣು ಸ್ಫೋಟ. ಲಿಂಡನ್ ಜಾನ್ಸನ್ ಪರವಾಗಿ ಸೆಪ್ಟೆಂಬರ್ 7ರಂದು ಹಣ ಕೊಟ್ಟು ಪ್ರಸಾರ ಮಾಡಿಸಿದ್ದು ಒಂದೇ ಒಂದು ಸಲ. ಉಳಿದದ್ದನ್ನು ಸುದ್ದಿ ಕಾರ್ಯಕ್ರಮಗಳೇ ಮತ್ತೆ ಮತ್ತೆ ತೋರಿಸಿ ಪೂರೈಸಿದವು. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಅವರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ, ಆದರೂ ನೋಡಿದವರಿಗೆ ಯಾರ ಮೇಲಿನ ಮಾತು ಎಂಬುದರಲ್ಲಿ ಅನುಮಾನವಿರಲಿಲ್ಲ. ಅವರು ಗೆದ್ದರೆ ಪರಮಾಣು ಯುದ್ಧವಾದೀತೆಂಬ ಆರೋಪವನ್ನು ನೋಡುಗನ ಮನಸ್ಸೇ ಮಾಡಿಕೊಂಡದ್ದರಿಂದ ಅದಕ್ಕೆ ಪುರಾವೆ ಕೇಳುವ ಸಂದರ್ಭವೇ ಬರಲಿಲ್ಲ.

ಇದರ ಪಕ್ಕದಲ್ಲಿ 1990ರ ಅಕ್ಟೋಬರ್ ತಿಂಗಳ ಇನ್ನೊಂದು ಘಟನೆಯನ್ನು ಇಡಿ. ‘ನಯೀರಾ’ ಎಂಬ ಹೆಸರಿನಿಂದಷ್ಟೇ ಪರಿಚಯಿಸಲಾದ ಹದಿನೈದರ ಹುಡುಗಿಯೊಬ್ಬಳು, ಇರಾಕಿನ ಸೈನಿಕರು ಕುವೈತಿನ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ಗಳಿಂದ ಹೊರತೆಗೆದು ಸಾಯಲು ಬಿಟ್ಟರೆಂದು ಅಮೆರಿಕದ ಜನಪ್ರತಿನಿಧಿಗಳ ಮಾನವ ಹಕ್ಕುಗಳ ಗುಂಪಿನ ಮುಂದೆ ಅಳುತ್ತಾ ಹೇಳಿದಳು. ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂಬುದೂ, ಆ ಪ್ರಚಾರದ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಜನಸಂಪರ್ಕ ಕಂಪನಿ ಇತ್ತೆಂಬುದೂ ಹೊರಬಂದು ಚರ್ಚೆಯಾದದ್ದು 1992ರಲ್ಲಿ, ಇರಾಕಿನ ವಿರುದ್ಧ ಅಮೆರಿಕ ಮತ್ತು ಮಿತ್ರದೇಶಗಳು ನಡೆಸಿದ ಯುದ್ಧ ಮುಗಿದ ಮೇಲೆ. ಅವಳು ಹೇಳಿದ ಘಟನೆಯನ್ನು ನಂತರದ ತನಿಖೆಗಳು ದೃಢಪಡಿಸಲಿಲ್ಲ. ಆದರೆ ಕುವೈತಿನ ಮೇಲೆ ಆಕ್ರಮಣ ನಡೆದದ್ದೂ ಅಲ್ಲಿ ದೌರ್ಜನ್ಯಗಳು ನಡೆದದ್ದೂ ಸುಳ್ಳಲ್ಲ ಎಂಬುದನ್ನು ಮಕ್ಕಳಿಗೆ ಖಂಡಿತ ಹೇಳಬೇಕು. ಸಾಕ್ಷಿಯ ಹಿಂದೆ ಯಾರಿದ್ದಾರೆ ಎಂದು ಕೇಳುವುದು ಒಂದು ಕೆಲಸ, ಇಡೀ ವಿಷಯವೇ ಕಟ್ಟುಕಥೆ ಎಂದು ತಳ್ಳಿಹಾಕುವುದು ಬೇರೆಯೇ ಕೆಲಸ. ಎರಡನೆಯದಕ್ಕೆ ಜಾರುವುದು ಬಹಳ ಸುಲಭ.

ಪಟ್ಟಿಯಲ್ಲಿ ಮೊದಲನೆಯದಾದ ಹೆಸರಿಟ್ಟು ಹಳಿಯುವುದನ್ನು ಮಾತ್ರ ನಾನು ಉಳಿದ ಆರರ ಸಾಲಿನಲ್ಲಿ ಕೂರಿಸುವುದಿಲ್ಲ. ರುವಾಂಡದಲ್ಲಿ 1993ರಲ್ಲಿ ಪ್ರಸಾರ ಆರಂಭಿಸಿದ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿ ಜನರನ್ನು ದಿನವೂ ‘ಇನ್ಯೆಂಜಿ’, ಅಂದರೆ ಜಿರಳೆಗಳು, ಎಂದು ಕರೆಯುತ್ತಿತ್ತು. 1994ರ ಏಪ್ರಿಲ್‌ನಿಂದ ಜುಲೈವರೆಗೆ ನಡೆದ ನರಮೇಧದ ದಿನಗಳಲ್ಲಿ ಅದೇ ರೇಡಿಯೊ ಕೊಲೆಗೆ ಪ್ರಚೋದನೆ ನೀಡಿತು, ಮತ್ತು ಅದರ ಸ್ಥಾಪಕರಲ್ಲಿ ಕೆಲವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು. ಮನುಷ್ಯರನ್ನು ಹುಳ, ಇಲಿ, ರೋಗ ಎಂದು ಕರೆಯುವ ಮಾತು ಯಾವ ಪಕ್ಷದಿಂದ ಬಂದರೂ, ನಮ್ಮ ಪಕ್ಷದಿಂದ ಬಂದರೆ ಮತ್ತೂ ಹೆಚ್ಚಾಗಿ, ಅಲ್ಲಿಯೇ ನಿಲ್ಲಬೇಕೆಂದು ಮಕ್ಕಳಿಗೆ ಹೇಳಿಬಿಡಿ. ಅದಕ್ಕೆ ವಿಶ್ಲೇಷಣೆಯ ಅಗತ್ಯವಿಲ್ಲ.

ಉತ್ತರ 2

ನಾನು ಹಲವು ವರ್ಷ ಜಾಹೀರಾತು ಬರೆಯುವ ಕೆಲಸ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ. ಮೇಲಿನ ಉತ್ತರ ಬರೆದವರು ಹೇಳಿದ ‘ಎರಡು ಸಾಲುಗಳ ನಡುವಿನ ಜಾಗ’ ನಮ್ಮ ಕೆಲಸದಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರುತ್ತದೆ, ಆದ್ದರಿಂದ ರಾಜಕೀಯಕ್ಕಿಂತ ಮೊದಲು ಜಾಹೀರಾತಿನಲ್ಲಿ ಅದನ್ನು ತೋರಿಸುವುದು ಒಳ್ಳೆಯದು. ಸಾಬೂನಿನ ಬಗ್ಗೆ ಯಾರಿಗೂ ಪಕ್ಷನಿಷ್ಠೆ ಇರುವುದಿಲ್ಲ.

ಮುಖಕ್ಕೆ ಹಚ್ಚುವ ಕ್ರೀಮಿನ ಬಗ್ಗೆ ಈ ಸಾಲನ್ನು ನೋಡಿ: ‘ಕೇವಲ ನಾಲ್ಕು ವಾರಗಳಲ್ಲಿ ಸುಕ್ಕುಗಳು ಶೇಕಡಾ 60ರವರೆಗೆ ಕಡಿಮೆಯಾದಂತೆ ಕಾಣಲು ನೆರವಾಗುತ್ತದೆ.’ ಇದು ಈಗ ನಾನೇ ಕಟ್ಟಿದ ಸಾಲು, ಆದರೆ ಇಂಥವನ್ನು ಎಷ್ಟೋ ಬರೆದಿದ್ದೇನೆ. ‘ವರೆಗೆ’ ಎಂದಾಗ ಶೇಕಡಾ ಎರಡು ಕಡಿಮೆಯಾದರೂ ಮಾತು ಸುಳ್ಳಾಗುವುದಿಲ್ಲ. ‘ನೆರವಾಗುತ್ತದೆ’ ಎಂದಾಗ ಕೆಲಸ ಪೂರ್ತಿ ಮಾಡುತ್ತದೆಂದು ಯಾರೂ ಹೇಳಿಲ್ಲ. ‘ಕಾಣಲು’ ಎಂದಾಗ ಸುಕ್ಕು ಹೋಗಬೇಕಾಗಿಯೇ ಇಲ್ಲ. ‘ಕೇವಲ’ ಎಂಬುದು ಅವಧಿ ಕಡಿಮೆ ಎಂಬ ತೀರ್ಪನ್ನು ಓದುಗನ ಬದಲಿಗೆ ತಾನೇ ಕೊಟ್ಟುಬಿಡುತ್ತದೆ. ಇವೆಲ್ಲವನ್ನೂ ತೆಗೆದು ಉಳಿದದ್ದನ್ನು ಓದಿಕೊಂಡರೆ ಕೈಗೆ ಏನೂ ಹತ್ತುವುದಿಲ್ಲ, ಆದರೆ ಮನಸ್ಸಿನಲ್ಲಿ 60 ಎಂಬ ಸಂಖ್ಯೆ ಮಾತ್ರ ಗಟ್ಟಿಯಾಗಿ ಕುಳಿತಿರುತ್ತದೆ. ಮಕ್ಕಳಿಗೆ ಪೆನ್ಸಿಲ್ ಕೊಟ್ಟು ಇಂಥ ಪದಗಳನ್ನು ಒಂದೊಂದಾಗಿ ಹೊಡೆದುಹಾಕಲು ಹೇಳಿ, ಕೊನೆಗೆ ಉಳಿಯುವುದನ್ನು ಜೋರಾಗಿ ಓದಿಸಿ. ಏಳು ಹೆಸರುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

ನಿಜವನ್ನೇ ಹೇಳಿ ತಪ್ಪು ತಿಳಿವಳಿಕೆ ಉಂಟುಮಾಡುವುದಕ್ಕೆ ದಾಖಲೆಯಾಗಿರುವ ಉದಾಹರಣೆಗಳೂ ಇವೆ. ಶೇಕಡಾ 80ಕ್ಕಿಂತ ಹೆಚ್ಚು ದಂತವೈದ್ಯರು ಕೋಲ್ಗೇಟ್ ಶಿಫಾರಸು ಮಾಡುತ್ತಾರೆ ಎಂಬ ಭಿತ್ತಿಪತ್ರವನ್ನು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2007ರಲ್ಲಿ ದಾರಿ ತಪ್ಪಿಸುವಂಥದ್ದೆಂದು ತೀರ್ಮಾನಿಸಿತು. ಕಾರಣವೇನೆಂದರೆ, ಸಮೀಕ್ಷೆಯಲ್ಲಿ ವೈದ್ಯರು ಒಂದಕ್ಕಿಂತ ಹೆಚ್ಚು ಪೇಸ್ಟ್‌ಗಳ ಹೆಸರು ಹೇಳಬಹುದಾಗಿತ್ತು, ಮತ್ತು ಪ್ರತಿಸ್ಪರ್ಧಿಯೊಂದರ ಹೆಸರನ್ನೂ ಹೆಚ್ಚು ಕಡಿಮೆ ಅಷ್ಟೇ ಮಂದಿ ಹೇಳಿದ್ದರು. ಓದಿದವರು ಮಾತ್ರ ಉಳಿದ ಪೇಸ್ಟ್‌ಗಳಿಗೆಲ್ಲ ಸೇರಿ ಇಪ್ಪತ್ತೇ ಉಳಿಯಿತೆಂದು ಲೆಕ್ಕ ಹಾಕಿದ್ದರು. ಅದೇ ರೀತಿ 1946ರಿಂದ ಅಮೆರಿಕದಲ್ಲಿ, ಬೇರಾವುದೇ ಸಿಗರೇಟಿಗಿಂತ ಕ್ಯಾಮೆಲ್ ಸೇದುವ ವೈದ್ಯರೇ ಹೆಚ್ಚು ಎಂಬ ಜಾಹೀರಾತು ವರ್ಷಗಟ್ಟಲೆ ಬಂತು. ಅದು ನಿಜವೇ ಆಗಿದ್ದರೂ ವೈದ್ಯನೊಬ್ಬನ ಚಟದಿಂದ ನನ್ನ ಶ್ವಾಸಕೋಶಕ್ಕೆ ಏನು ರಕ್ಷಣೆ? ಬಿಳಿ ಕೋಟಿನ ಮೇಲಿನ ನಂಬಿಕೆ ಸಿಗರೇಟಿನ ಮೇಲೆ ವರ್ಗವಾಗಲೆಂದೇ ಆ ಚಿತ್ರವನ್ನು ಬರೆದದ್ದು.

ತಂತ್ರವೆಂದು ಹೊರನೋಟಕ್ಕೆ ಕಾಣದ ಒಂದನ್ನೂ ಹೇಳಬೇಕು, ಏಕೆಂದರೆ ಅದು ಏಳರ ಪಟ್ಟಿಯಲ್ಲಿ ಸರಿಯಾಗಿ ಕೂರುವುದಿಲ್ಲ. 1929ರ ಮಾರ್ಚ್ 31, ಈಸ್ಟರ್ ಭಾನುವಾರದಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಕೆಲವು ಯುವತಿಯರು ಬಹಿರಂಗವಾಗಿ ಸಿಗರೇಟು ಹಚ್ಚಿ ನಡೆದರು. ಅವು ಸ್ವಾತಂತ್ರ್ಯದ ಪಂಜುಗಳೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದನ್ನು ಏರ್ಪಡಿಸಿದವರು ಜನಸಂಪರ್ಕ ತಜ್ಞ ಎಡ್ವರ್ಡ್ ಬರ್ನೇಸ್, ಹಣ ಕೊಟ್ಟದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. ಜಾಹೀರಾತನ್ನು ಜಾಹೀರಾತೆಂದು ತಿಳಿದು ಓದುವಾಗ ನಮ್ಮ ಮನಸ್ಸು ಸ್ವಲ್ಪವಾದರೂ ಎಚ್ಚರವಾಗಿರುತ್ತದೆ. ಅದೇ ವಿಷಯ ಸುದ್ದಿಯ ಬಾಗಿಲಿನಿಂದ ಬಂದಾಗ ಆ ಎಚ್ಚರ ಇರುವುದಿಲ್ಲ. ಹಣ ಪಡೆದು ‘ನನ್ನ ಅನುಭವ’ ಎಂದು ವಿಡಿಯೊ ಮಾಡುವವರನ್ನು ನಿಮ್ಮ ಮಕ್ಕಳು ದಿನವೂ ನೋಡುತ್ತಾರೆ. ಅದು ತೊಂಬತ್ತು ವರ್ಷಕ್ಕೂ ಹಳೆಯದಾದ ಈ ವಿದ್ಯೆಯ ಮುಂದುವರಿಕೆ ಎಂದು ತಿಳಿಸಿ.

ಉತ್ತರ 3

ಸಂಖ್ಯೆಗಳ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ‘ಎರಡು ಪಟ್ಟು’ ಎಂದು ಯಾರಾದರೂ ಹೇಳಿದೊಡನೆ ‘ಯಾವುದರ ಎರಡು ಪಟ್ಟು?’ ಎಂದು ಕೇಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಹೊಸ ಬಗೆಯ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. 7,000 ಮಹಿಳೆಯರಲ್ಲಿ ಒಬ್ಬರಿಗಿದ್ದ ಅಪಾಯ ಇಬ್ಬರಿಗಾಗುತ್ತದೆ ಎಂಬುದು ಅದರ ಅರ್ಥವಾಗಿತ್ತು. ‘ಎರಡು ಪಟ್ಟು’ ಎಂದಷ್ಟೇ ಕೇಳಿದ ಎಷ್ಟೋ ಮಹಿಳೆಯರು ಗಾಬರಿಯಿಂದ ಮಾತ್ರೆ ನಿಲ್ಲಿಸಿದರು, ಮುಂದಿನ ವರ್ಷ ಗರ್ಭಪಾತಗಳ ಸಂಖ್ಯೆ ಏರಿತು. ಇಲ್ಲಿ ಯಾರೂ ಯಾರನ್ನೂ ಮೋಸಗೊಳಿಸಲು ಹೊರಟಿರಲಿಲ್ಲ. ಮೋಸದ ಉದ್ದೇಶವಿಲ್ಲದಾಗಲೇ ಇಷ್ಟಾಗುವುದಾದರೆ, ಉದ್ದೇಶವಿಟ್ಟುಕೊಂಡೇ ಬಳಸುವವರ ಕೈಯಲ್ಲಿ ಅದು ಏನು ಮಾಡಬಹುದೆಂದು ಯೋಚಿಸಿ. ಲಂಬ ಅಕ್ಷವನ್ನು ಸೊನ್ನೆಯಿಂದ ಆರಂಭಿಸದೆ 95ರಿಂದ ಆರಂಭಿಸಿ 96ಕ್ಕೂ 98ಕ್ಕೂ ಬೆಟ್ಟದಷ್ಟು ವ್ಯತ್ಯಾಸ ತೋರಿಸುವ ಸ್ತಂಭನಕ್ಷೆಯದೂ ಇದೇ ಜಾತಿ.

ಉತ್ತರ 4

ಮೇಲಿನ ಮೂರೂ ಉತ್ತರಗಳಿಂದ ನಾನು ಕಲಿತೆ, ಆದರೂ ನನಗೆ ಒಂದು ಆತಂಕವಿದೆ. ಭಾವನೆಯನ್ನು ಕಲಕುವ ಮಾತೆಲ್ಲ ತಂತ್ರ, ತಂತ್ರವೆಲ್ಲ ಮೋಸ ಎಂದು ಕಲಿತ ಮಗು ಕೊನೆಗೆ ಏನನ್ನೂ ನಂಬದ ಮನುಷ್ಯನಾಗಿ ಬೆಳೆಯುತ್ತದೆ. ಹಾಗೆ ಬೆಳೆಯುವುದನ್ನು ಕಾಯುತ್ತಾ ಕುಳಿತವರು ಇದ್ದಾರೆ. ಸಿಗರೇಟಿಗೂ ಕ್ಯಾನ್ಸರಿಗೂ ಇರುವ ಸಂಬಂಧದ ಸಂಶೋಧನೆಗಳು ಬಂದಾಗ ಅಮೆರಿಕದ ತಂಬಾಕು ಕಂಪನಿಗಳು 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಹೊರಡಿಸಿದವು. ಸಂಶೋಧನೆ ತಪ್ಪು ಎಂದು ಅವು ಜನರನ್ನು ಒಪ್ಪಿಸಬೇಕಾಗಿರಲಿಲ್ಲ; ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಇನ್ನೂ ಪರಿಶೀಲನೆ ಆಗಬೇಕು ಎಂಬ ಭಾವನೆ ಹುಟ್ಟಿದರೆ ಸಾಕಾಗಿತ್ತು. 1969ರ ಹೊತ್ತಿಗೆ ಅಂಥ ಒಂದು ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ, ಅನುಮಾನವೇ ತಮ್ಮ ಸರಕು ಎಂದು ಬಿಚ್ಚಿ ಬರೆದುಕೊಂಡಿದ್ದರು. ಎಲ್ಲವನ್ನೂ ಅನುಮಾನಿಸುವವನನ್ನು ಹೊಸದಾಗಿ ನಂಬಿಸಬೇಕಾಗಿಲ್ಲ. ಅವನು ಅನುಮಾನಿಸುತ್ತಾ ಇದ್ದಲ್ಲೇ ಇದ್ದರೆ ಅವರ ವ್ಯಾಪಾರ ನಡೆಯುತ್ತದೆ.

ನಮ್ಮ ಹಿರಿಯರ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಮಾತಿನಲ್ಲಿ ‘ನಂಬಬೇಡ’ ಎಂದಿಲ್ಲ, ‘ನೋಡು’ ಎಂದಿದೆ. ಪ್ರಮಾಣಿಸಿ ನೋಡಿದ ಮೇಲೆ ಸರಿ ಎನಿಸಿದ್ದನ್ನು ಗಟ್ಟಿಯಾಗಿ ನಂಬುವುದೂ ಕಲಿಕೆಯ ಭಾಗ. ಅದಕ್ಕಾಗಿ ತಂತ್ರ ಇರುವ, ಆದರೆ ಹಿಂದೆ ಪುರಾವೆಯೂ ಗಟ್ಟಿಯಾಗಿರುವ ಉದಾಹರಣೆಗಳನ್ನು ಬೇಕೆಂದೇ ತರಗತಿಗೆ ತನ್ನಿ. ಸೀಟ್ ಬೆಲ್ಟ್ ಹಾಕಿರೆಂದು ಹೇಳುವ ಜಾಹೀರಾತು ಅಪಘಾತದ ದೃಶ್ಯ ತೋರಿಸಿ ಹೆದರಿಸುತ್ತದೆ. ಹೆದರಿಸಿದ್ದು ನಿಜ, ಬೆಲ್ಟ್ ಜೀವ ಉಳಿಸುವುದೂ ನಿಜ.

ಇನ್ನೊಂದು ವಿಷಯ ಪುನರಾವರ್ತನೆಯ ಬಗ್ಗೆ. ಬ್ರಾಹ್ಮಣನೊಬ್ಬ ಹೊತ್ತು ತರುತ್ತಿದ್ದ ಮೇಕೆಯನ್ನು ಮೂವರು ಠಕ್ಕರು ದಾರಿಯಲ್ಲಿ ಒಬ್ಬರಾದ ಮೇಲೊಬ್ಬರು ಎದುರಾಗಿ ನಾಯಿಯೆಂದು ನಂಬಿಸಿದ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಆ ಕಥೆಯ ಜೀವಾಳ ಮೂರು ಸಲ ಹೇಳಿದರು ಎಂಬುದರಲ್ಲಷ್ಟೇ ಇಲ್ಲ. ಮೂವರೂ ಬೇರೆ ಬೇರೆ ಕಡೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರಂತೆ ಸಿಕ್ಕರು ಎಂಬುದರಲ್ಲಿದೆ. ಒಟ್ಟಿಗೆ ಬಂದು ಹೇಳಿದ್ದರೆ ಅವನು ಅನುಮಾನಪಡುತ್ತಿದ್ದ. ಈಗ ಒಂದೇ ಸಂದೇಶ ನೂರು ಖಾತೆಗಳಿಂದ, ನೆಂಟರ ವಾಟ್ಸ್ಆ್ಯಪ್ ಗುಂಪಿನಿಂದ, ಗೆಳೆಯರಿಂದ ಬಂದಾಗ ನಾವು ನೂರು ಸಾಕ್ಷಿಗಳಿದ್ದಾರೆಂದು ತಿಳಿಯುತ್ತೇವೆ. ಮೂಲ ಒಂದೇ ಆಗಿರಬಹುದು. ಬರೀ ಪುನರಾವರ್ತನೆಗೂ ಶಕ್ತಿಯಿದೆ ಎಂಬುದು 1977ರಲ್ಲಿ ಹ್ಯಾಷರ್, ಗೋಲ್ಡ್‌ಸ್ಟೀನ್ ಮತ್ತು ಟೊಪ್ಪಿನೊ ಎಂಬ ಸಂಶೋಧಕರ ಪ್ರಯೋಗದಿಂದ ತಿಳಿದುಬಂತು: ಎರಡೆರಡು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಿದ ಹೇಳಿಕೆಗಳನ್ನು ವಿದ್ಯಾರ್ಥಿಗಳು, ಅವು ಸುಳ್ಳಾಗಿದ್ದಾಗಲೂ, ಹೆಚ್ಚು ನಿಜವೆಂದು ಅಂದಾಜು ಮಾಡುತ್ತಾ ಹೋದರು. ಹಾಗಾಗಿ ಒಂದು ಸುಳ್ಳನ್ನು ಅಲ್ಲಗಳೆಯುವಾಗಲೂ ಆ ಸುಳ್ಳನ್ನೇ ತಲೆಬರಹವಾಗಿ ಬರೆಯಬಾರದೆಂದು ನಾನು ನನ್ನ ಮಟ್ಟಿಗೆ ನಿಯಮ ಮಾಡಿಕೊಂಡಿದ್ದೇನೆ.

ನಿಮ್ಮ ಮೂಲ ಪ್ರಶ್ನೆಗೆ ಬಂದರೆ, ಎದುರಿನವರ ಕಣ್ಣಿನ ಕಸವಷ್ಟೇ ಕಾಣುವುದು ಮಕ್ಕಳ ಲಕ್ಷಣ ಮಾತ್ರ ಅಲ್ಲ. ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞರು 1983ರಲ್ಲಿ ಇದಕ್ಕೆ ‘ಮೂರನೆಯವರ ಪರಿಣಾಮ’ ಎಂಬರ್ಥದ ಹೆಸರು ಕೊಟ್ಟರು: ಪ್ರಚಾರ ತನ್ನ ಮೇಲೆ ಅಷ್ಟಾಗಿ ನಡೆಯದು, ಉಳಿದವರ ಮೇಲೆ ನಡೆಯುತ್ತದೆ ಎಂದು ಜನ ಎಣಿಸುತ್ತಾರೆ. ನಿಮ್ಮ ಹುಡುಗ, ನಕ್ಕ ಇನ್ನರ್ಧ ತರಗತಿ, ಇದನ್ನು ಬರೆಯುತ್ತಿರುವ ನಾನು, ಎಲ್ಲರೂ ಇದರೊಳಗೆ ಇದ್ದೇವೆ. ಮೊದಲು ಇದನ್ನು ಕಲಿಸಿ, ಏಳು ತಂತ್ರಗಳನ್ನು ಆಮೇಲೆ ಕಲಿಸಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇನ್ನೂ ಎರಡು ಪೀರಿಯಡ್‌ಗಳಲ್ಲಿ ನಿಮ್ಮ ಸಲಹೆಗಳನ್ನು ಪ್ರಯತ್ನಿಸಿದೆ. ಈ ಸಲ ನಿಯಮವನ್ನು ಬದಲಾಯಿಸಿ, ಪ್ರತಿಯೊಬ್ಬರೂ ತಮಗೆ ನಿಜವಾಗಿ ಇಷ್ಟವಾದ ಒಂದು ಜಾಹೀರಾತನ್ನೋ ಭಾಷಣವನ್ನೋ ತರಬೇಕು, ಅದನ್ನು ಬೇರೆ ಯಾರೂ ಟೀಕಿಸುವಂತಿಲ್ಲ, ತಂದವರೇ ಬಾಣ ಎಳೆಯಬೇಕು ಎಂದು ಹೇಳಿದೆ. ಗೆಲ್ಲಲು ಎದುರಾಳಿಯೇ ಇಲ್ಲದ್ದರಿಂದಲೋ ಏನೋ, ತರಗತಿ ಮೊದಲಿಗಿಂತ ಶಾಂತವಾಗಿತ್ತು. ಪೆನ್ಸಿಲ್‌ನಿಂದ ಪದ ಹೊಡೆಯುವ ಅಭ್ಯಾಸ ಚೆನ್ನಾಗಿ ನಡೆಯಿತು. ತಲೆಗೂದಲ ಎಣ್ಣೆಯ ಜಾಹೀರಾತೊಂದರಲ್ಲಿ ಕೊನೆಗೆ ಉಳಿದದ್ದು ‘ಕೂದಲು’ ಎಂಬ ಒಂದೇ ಪದ.

ಆ ಹುಡುಗ ಅದೇ ನಾಯಕರ ಭಾಷಣವನ್ನು ತಂದಿದ್ದ. ಬಡತನದ ಸಾಲಿನ ಕೆಳಗೆ ‘ನಿಜ’ ಎಂದು ಬರೆದು, ಅಲ್ಲಿಂದ ಮುಂದಿನ ಸಾಲಿಗೆ ಬಾಣ ಎಳೆದು, ಬಾಣದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಮುಂದಿನ ಸಾಲಿನಲ್ಲಿ ಒಂದು ಭರವಸೆಯಿತ್ತು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಭಾಷಣ ಹೇಳಿಲ್ಲ ಎಂದು ಅಂಚಿನಲ್ಲಿ ಬರೆದಿದ್ದ. ಅವನ ಮೆಚ್ಚುಗೆ ಕಡಿಮೆಯಾಗಿಲ್ಲ, ಅದನ್ನು ನಾನು ಬಯಸಿಯೂ ಇರಲಿಲ್ಲ.

ಒಂದು ಸಂದೇಹ ಮಾತ್ರ ಉಳಿದಿದೆ. ಹುಡುಗಿಯೊಬ್ಬಳು ಲಸಿಕೆಯ ಭಿತ್ತಿಪತ್ರ ತಂದಿದ್ದಳು. ನಗುವ ಮಗು, ಬಿಳಿ ಕೋಟಿನ ವೈದ್ಯೆ, ‘ಎಲ್ಲ ಪೋಷಕರೂ ಹಾಕಿಸುತ್ತಿದ್ದಾರೆ’ ಎಂಬ ಸಾಲು. ಮೂರು ತಂತ್ರಗಳನ್ನು ಸರಿಯಾಗಿಯೇ ಗುರುತಿಸಿ, ‘ಹಾಗಾದರೆ ಇದನ್ನೂ ನಂಬಬಾರದೇ?’ ಎಂದು ಕೇಳಿದಳು. ಪೀರಿಯಡ್ ಮುಗಿಯುವ ಗಂಟೆ ಹೊಡೆದದ್ದರಿಂದ ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ.

ಉತ್ತರ 4 ಬರೆದವರ ಮರುಉತ್ತರ

ಮೇಡಂ, ಅವಳು ಕೇಳಿದ್ದು ಇಡೀ ಚರ್ಚೆಯ ಅತ್ಯಂತ ಒಳ್ಳೆಯ ಪ್ರಶ್ನೆ. ಭಿತ್ತಿಪತ್ರ ತಂತ್ರ ಬಳಸಿದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಿ. ನಂತರ, ಭಿತ್ತಿಪತ್ರವನ್ನು ಪಕ್ಕಕ್ಕಿಟ್ಟು ಲಸಿಕೆಯ ಬಗ್ಗೆ ಬೇರೆ ಕಡೆ ಏನು ಪುರಾವೆ ಇದೆ ಎಂದು ಅವಳಿಂದಲೇ ಹುಡುಕಿಸಿ. ಸಿಡುಬು ರೋಗ ಲಸಿಕೆಯ ಅಭಿಯಾನದಿಂದಾಗಿ ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು; ಅದನ್ನು ತಿಳಿಯಲು ನಗುವ ಮಗುವಿನ ಚಿತ್ರ ಬೇಕಾಗಿಲ್ಲ. ಕ್ರೀಮಿನ ಜಾಹೀರಾತನ್ನೂ ಹೀಗೆಯೇ ಪಕ್ಕಕ್ಕಿಟ್ಟು ಹುಡುಕಲು ಹೇಳಿ, ಎರಡೂ ಕಡೆ ಏನೇನು ಸಿಕ್ಕಿತೆಂದು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ. ಇದಕ್ಕೆ ಇನ್ನೊಂದು ಪೀರಿಯಡ್ ಬೇಕಾಗುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ.